ಎವರೇಜ್ ಎಷ್ಟ ಕೊಡತೈತಿ?

ಊರಿಗೆ ಹೋದಾಗ ನಮ್ಮ ಓಣಿಯ ಜನ ಮೊದಲು ನನ್ನ ಮುಖ ನೋಡುವುದಿಲ್ಲ, ಗಾಡಿಯ ನಂಬರ್ ಪ್ಲೇಟ್ ನೋಡುತ್ತಾರೆ. ಎಂ.ಎಚ್. 15. ನಾಸಿಕದ ಗಾಡಿ. ‘ಆರಾಮ ಅದೀಯೇನೋ’ ಎಂಬ ಮಾತು ಆಮೇಲೆ ಬರುತ್ತದೆ. ಅದಕ್ಕೂ ಮೊದಲು ಯಾರಾದರೊಬ್ಬರು ಬಾನೆಟ್ ಮೇಲೆ ಕೈಯಿಟ್ಟು ಕೇಳಿಯೇ ಕೇಳುತ್ತಾರೆ: “ಎವರೇಜ್ ಎಷ್ಟ ಕೊಡತೈತಿ?”

ನಾಸಿಕದಲ್ಲೂ ಇದೇ ಪ್ರಶ್ನೆ. ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿದರೆ ಸಾಕು, “ಅಣ್ಣಾ, ಅವ್ಹರೇಜ್ ಕಿತೀ ದೇತೇ?” ಎನ್ನುತ್ತಾರೆ. ದಕ್ಷಿಣದಿಂದ ಬಂದವರೆಲ್ಲ ಇಲ್ಲಿ ‘ಅಣ್ಣಾ’ಗಳೇ. ಲೀಟರಿಗೆ ಎಷ್ಟು ಕಿಲೋಮೀಟರು ಎನ್ನುವುದಕ್ಕೆ ಮರಾಠಿಯವರೂ ನಮ್ಮ ಕಡೆಯವರೂ ಅದೇ ಒಂದು ಇಂಗ್ಲಿಷ್ ಶಬ್ದವನ್ನು ಹಿಡಿದುಕೊಂಡಿದ್ದಾರೆ. ಮೂವತ್ತು ವರ್ಷ ಹೊರಗಿದ್ದವನಿಗೆ ಎರಡೂ ಊರಲ್ಲಿ ಒಂದೇ ಥರ ಕೇಳುವ ಮಾತು ಇದೊಂದೇ ಇರಬೇಕು.

ನನ್ನದು ಬ್ಯಾಡಗಿ ಹತ್ತಿರದ ಒಂದು ಹಳ್ಳಿ. ಹುಬ್ಬಳ್ಳಿಯಲ್ಲಿ ಐ.ಟಿ.ಐ. ಟರ್ನರ್ ಮುಗಿಸಿ 1996ರಲ್ಲಿ ನಾಸಿಕದ ಸಾತಪುರ ಕೈಗಾರಿಕಾ ವಸಾಹತಿಗೆ ಬಂದೆ. ಒಂದೆರಡು ವರ್ಷ ದುಡಿದು ವಾಪಸು ಹೋಗುವುದು ಅಂತ ಲೆಕ್ಕ. ಈಗ ಅಂಬಡದಲ್ಲಿ ನನ್ನದೇ ಒಂದು ತಗಡಿನ ಶೆಡ್ಡು, ಎರಡು ಲೇಥು, ಒಂದು ಡ್ರಿಲ್ಲಿಂಗ್ ಮಶೀನು ಇವೆ. ಪ್ರತಿ ಗುರುವಾರ ತಯಾರಾದ ಮಾಲು ತುಂಬಿಕೊಂಡು ವಾಳೂಜಕ್ಕೆ ಹೋಗುತ್ತೇನೆ. ವಾಳೂಜ ಇರುವುದು ಛತ್ರಪತಿ ಸಂಭಾಜಿನಗರದ ಪಕ್ಕ. ಔರಂಗಾಬಾದ್ ಎಂದಿದ್ದ ಊರಿಗೆ 2023ರಲ್ಲಿ ಅಧಿಕೃತವಾಗಿ ಬಂದ ಹೆಸರು ಅದು. ಗಾಡಿಯ ಲೆಕ್ಕದ ವಹಿಯಲ್ಲಿ ಮಾತ್ರ ನಾನು ಮೊದಲಿನಿಂದ ‘ವಾಳೂಜ’ ಅಂತಲೇ ಬರೆಯುತ್ತ ಬಂದಿದ್ದೇನೆ, ಹೀಗಾಗಿ ಏನೂ ತಿದ್ದಬೇಕಾಗಲಿಲ್ಲ.

ಗಾಡಿ 2007ರ ಬೊಲೆರೊ ಪಿಕಪ್ಪು. 2009ರಲ್ಲಿ ಒಬ್ಬ ಕಾಂದಾ ವ್ಯಾಪಾರಿಯಿಂದ ಕೊಂಡದ್ದು. ಬೊಲೆರೊ ತಯಾರಾಗುವ ಕಾರ್ಖಾನೆ ಇದೇ ನಾಸಿಕದಲ್ಲಿದೆ, ಆದ್ದರಿಂದ ಇಲ್ಲಿ ಅದರ ಬಿಡಿಭಾಗ ಸಿಗದ ಗಲ್ಲಿ ಇಲ್ಲ, ಅದರ ಬಗ್ಗೆ ಬುದ್ಧಿ ಹೇಳದ ಮನುಷ್ಯನೂ ಇಲ್ಲ. ನಿಫಾಡ, ಯೇವಲಾ, ವೈಜಾಪುರ ದಾಟಿ ವಾಳೂಜಕ್ಕೆ ನನ್ನ ಶೆಡ್ಡಿನಿಂದ ಹೋಗಿಬರುವುದು 380 ಕಿ.ಮೀ. ನಿಫಾಡದ ಕಡೆ ದ್ರಾಕ್ಷಿ ತೋಟ, ಲಾಸಲಗಾವಿಗೆ ಹೋಗುವ ಈರುಳ್ಳಿ ಟ್ರ್ಯಾಕ್ಟರುಗಳ ಸಾಲು. ಯೇವಲಾದಲ್ಲಿ ಪೈಠಣಿ ಸೀರೆಯ ಅಂಗಡಿಗಳು. ವೈಜಾಪುರ ದಾಟಿದ ಮೇಲೆ ನೆಲ ಒಣಗುತ್ತದೆ, ಹತ್ತಿ ಮತ್ತು ಸಜ್ಜೆ ಬರುತ್ತದೆ. ಆ ಬಯಲು ನೋಡಿದಾಗ ನನಗೆ ನಮ್ಮ ಕಡೆಯ ಎರಿಹೊಲಗಳ ನೆನಪು.

ಒಮ್ಮೆ ವಾಳೂಜದವರು ಚಾಳೀಸಗಾವಿಗೂ ಒಂದಿಷ್ಟು ಮಾಲು ಮುಟ್ಟಿಸಿ ಅಂದರು. ವೇರೂಳದ ಕಡೆ ಹೊರಟೆ. ನೀವು ಎಲ್ಲೋರಾ ಎನ್ನುವ ವೇರೂಳವೇ, ರಾಷ್ಟ್ರಕೂಟರ ಒಂದನೆಯ ಕೃಷ್ಣ ಎಂಟನೆಯ ಶತಮಾನದಲ್ಲಿ ಕೈಲಾಸ ಕೊರೆಸಿದ ಜಾಗ. ಅದನ್ನು ದಾಟಿ ಮುಂದೆ ಹೋಗುವಾಗ ರಸ್ತೆ ಪಕ್ಕದ ಬೋರ್ಡಿನ ಮೇಲೆ ನಾಗರಿ ಅಕ್ಷರದಲ್ಲಿ ‘ಕನ್ನಡ’ ಅಂತ ಇತ್ತು. ಗಾಡಿ ನಿಲ್ಲಿಸಿಯೇ ಬಿಟ್ಟೆ. ಅದು ಒಂದು ತಾಲೂಕಿನ ಊರು, ಹೆಸರೇ ಕನ್ನಡ. ಅಲ್ಲಿಯ ಚಹಾದಂಗಡಿಯವನಿಗೆ, ‘ನನ್ನ ಭಾಷೆಯ ಹೆಸರೂ ಇದೇ’ ಎಂದೆ. ಅವನು ನಕ್ಕು, “ಕಾನಡೀ ಕಾ?” ಎಂದು ಕೇಳಿ ಸಕ್ಕರೆ ಒಂದು ಚಮಚ ಹೆಚ್ಚು ಹಾಕಿದ. ಆ ಊರಿನಿಂದ ಚಾಳೀಸಗಾವಿಗೆ ಇಳಿಯುವ ಔಟ್ರಮ್ ಘಾಟಿನಲ್ಲಿ, ವಾಪಸು ಏರಿ ಬರುವಾಗ, ಗಾಡಿ ಕಪ್ಪು ಹೊಗೆ ಬಿಟ್ಟು ಏದುಸಿರು ಹಾಕಿತು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಳೇ ಗಾಡಿ ಅಂದಮೇಲೆ ಹೊಗೆ ಇರುವುದೇ ಅಂದುಕೊಂಡೆ.

ಇಲ್ಲಿಯವರೆಗೆ ಹೇಳಿದ್ದು ಸುಖದ ಮಾತು. 2019ರ ಡಿಸೆಂಬರಿನಲ್ಲಿ ಒಂದು ಸಂಜೆ ಏಳಕ್ಕೆ ಊರಿಂದ ಫೋನು ಬಂತು. ಅವ್ವ ಹೋದಳು. ರಾತ್ರಿ ಬಸ್ಸಿಗೆ ಸೀಟು ಸಿಗಲಿಲ್ಲ. ಗಾಡಿ ಬಾಗಿಲಲ್ಲೇ ನಿಂತಿತ್ತು. ಹೆಂಡತಿಯನ್ನೂ ಮಗನನ್ನೂ ಕ್ಯಾಬಿನ್ನಿನಲ್ಲಿ ಕೂಡಿಸಿಕೊಂಡು ಎಂಟಕ್ಕೆ ಹೊರಟೆ. ನಮ್ಮೂರು ಇಲ್ಲಿಂದ ಏಳುನೂರು ಕಿ.ಮೀ.ಗೂ ಮೇಲೆ. ಪುಣೆ ದಾಟಿ ಸಾತಾರಾ ಕಡೆಗೆ ಹೋಗುವಾಗ ಖಂಬಾಟಕಿ ಘಾಟು ಸಿಗುತ್ತದೆ. ಸಾತಾರಾದಿಂದ ಪುಣೆಗೆ ಬರುವವರಿಗೆ ಸುರಂಗ ಇತ್ತು, ಹೋಗುವವರು ಮಾತ್ರ ಗುಡ್ಡ ಏರಲೇಬೇಕಿತ್ತು. ರಾತ್ರಿ ಎರಡೂವರೆಗೆ ಆ ಏರಿನ ನಡುವೆ ಬಾನೆಟ್ ಸಂದಿಯಿಂದ ಬಿಳಿ ಹಬೆ ಎದ್ದಿತು. ರೇಡಿಯೇಟರಿನ ಮೇಲಿನ ಹೋಸು ಒಡೆದಿತ್ತು.

ಆ ಹೋಸು ಉಬ್ಬಿದ್ದನ್ನು ಎರಡು ತಿಂಗಳ ಹಿಂದೆಯೇ ನಾನು ನೋಡಿದ್ದೆ. ನೋಡಿ, ಕರೀ ಟೇಪು ಸುತ್ತಿ, ಮುಂದಿನ ವಾರ ಬದಲಿಸೋಣ ಅಂತ ಬಿಟ್ಟಿದ್ದೆ. ಮುನ್ನೂರು ರೂಪಾಯಿಯೊಳಗಿನ ಸಾಮಾನು. ಇದರಲ್ಲಿ ಗಾಡಿ ಮಾಡಿದವರ ತಪ್ಪಿಲ್ಲ, ಮಾರಿದವನ ತಪ್ಪೂ ಇಲ್ಲ. ಬೆಳಗಾಗುವವರೆಗೆ ಘಾಟಿನ ಕಟ್ಟೆಯ ಮೇಲೆ ಮೂವರೂ ಚಾದರ ಹೊದ್ದು ಕೂತೆವು. ಮಿಸ್ತ್ರಿ ಸಿಕ್ಕು, ಹೋಸು ತಂದು, ಗಾಡಿ ಹೊರಟಾಗ ಹನ್ನೊಂದು ಗಂಟೆ. ಊರು ಮುಟ್ಟಿದಾಗ ರಾತ್ರಿ ಎಂಟು. ಹೊತ್ತು ಮುಳುಗುವುದರೊಳಗೆ ಮಾಡಬೇಕೆಂದು ಹಿರಿಯರು ಹೇಳಿದ್ದಕ್ಕೆ ಐದು ಗಂಟೆಗೇ ಮಣ್ಣು ಮಾಡಿದ್ದರು. ಕೊನೆಯ ಕ್ಷಣದವರೆಗೂ ಕಾದರಂತೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಯಾಕೆ ತಡವಾಯಿತು ಅಂತ ಕೇಳಲಿಲ್ಲ. “ಕೈಕಾಲ ತೊಳಕೊಂಡು ಉಣ್ರಿ ಮೊದ್ಲ” ಅಂದ, ಅಷ್ಟೇ. ಆ ಸಲ ಗಾಡಿಯ ಎವರೇಜ್ ಯಾರೂ ಕೇಳಲಿಲ್ಲ.

ಮೂರು ತಿಂಗಳಿಗೆ ಲಾಕ್‌ಡೌನ್ ಬಂತು. 2020ರ ಮಾರ್ಚ್ 25ರಿಂದ ಶೆಡ್ಡಿಗೆ ಬೀಗ. ಗಾಡಿ ಮನೆಯ ಮುಂದೆ ಧೂಳು ತಿನ್ನುತ್ತ ನಿಂತಿತು. ಮಾಡಲು ಕೆಲಸವಿಲ್ಲದ ಟರ್ನರನ ಕೈ ಸುಮ್ಮನಿರುವುದಿಲ್ಲ. ಬಾನೆಟ್ ಎತ್ತಿದೆ.

ನಮ್ಮ ಪಕ್ಕದ ಓಣಿಯಲ್ಲಿ ಒಬ್ಬ ರಾಯರಿದ್ದಾರೆ. ಬೆಂಗಳೂರಿನವರು, ಮೈಕೊದಲ್ಲಿದ್ದು ನಿವೃತ್ತರಾದವರು. ಮೈಕೊ ಎಂದರೆ ನಿಮಗೆ ಆಡುಗೋಡಿ, ಮೈಕೊ ಲೇಔಟ್ ನೆನಪಾಗಬಹುದು. ಐವತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಕೆಲಸ ಶುರುಮಾಡಿದ ಆ ಕಂಪನಿ ಆಮೇಲೆ ನಾಸಿಕದಲ್ಲೂ ಕಾರ್ಖಾನೆ ತೆಗೆಯಿತು. 2008ರಲ್ಲಿ ಅದರ ಹೆಸರು ಬಾಶ್ ಲಿಮಿಟೆಡ್ ಆಯಿತು, ಆದರೆ ಇಲ್ಲಿ ತ್ರ್ಯಂಬಕ ರಸ್ತೆಯ ವೃತ್ತಕ್ಕೆ ಇವತ್ತಿಗೂ ಮೈಕೊ ಸರ್ಕಲ್ ಅಂತಲೇ ಹೆಸರು. ಡೀಸೆಲ್ ಪಂಪು ಬೆಂಗಳೂರಿನದು, ಆ ಡೀಸೆಲ್ಲನ್ನು ಎಂಜಿನ್ನಿನೊಳಗೆ ಚಿಮ್ಮಿಸುವ ನಾಜಲ್ಲು ನಾಸಿಕದ್ದು. ಎಷ್ಟೋ ಹಳೆಯ ಗಾಡಿಗಳಲ್ಲಿ ಎರಡು ಊರನ್ನೂ ಒಂದು ಕಬ್ಬಿಣದ ನಳಿಗೆ ಸೇರಿಸಿದೆ. “ನನ್ನ ಸಂಸಾರವೂ ಹಾಗೇ ಕಣ್ರೀ” ಎಂದು ರಾಯರು ನಗುತ್ತಾರೆ. ಅವರ ಹೆಂಡತಿ ನಾಸಿಕದವರು.

ಮುಖಕ್ಕೆ ಟವೆಲ್ ಕಟ್ಟಿಕೊಂಡು ಆರಡಿ ದೂರ ನಿಂತ ರಾಯರು ಮೊದಲು ಕೇಳಿದ್ದು, “ನಿಮ್ಮ ಟೆಂಪರೇಚರ್ ಮುಳ್ಳು ಎಲ್ಲಿರುತ್ತೆ?” ನಾನು ಹೆಮ್ಮೆಯಿಂದ, ಯಾವಾಗಲೂ ತಳದಲ್ಲೇ, ಗಾಡಿ ತಣ್ಣಗಿರುತ್ತದೆ ಎಂದೆ. “ಹಾಗಾದ್ರೆ ಥರ್ಮೋಸ್ಟ್ಯಾಟ್ ಕಿತ್ತು ಹಾಕಿದಾರೆ” ಎಂದರು. ಬಿಚ್ಚಿ ನೋಡಿದರೆ ಹೌದು, ಅದರ ಜಾಗ ಖಾಲಿ. ಹಿಂದೆ ಯಾವಾಗಲೋ ಗಾಡಿ ಕಾದಾಗ ಒಬ್ಬ ಮಿಸ್ತ್ರಿ ತೆಗೆದು ಎಸೆದಿದ್ದ. ಇದು ನಮ್ಮ ದೇಶದ ದೊಡ್ಡ ರೋಗವಂತೆ. ರಾಯರು ಬೈದ ಮಾತು ಇನ್ನೂ ಕಿವಿಯಲ್ಲಿದೆ: “ಮಗುವಿಗೆ ಜ್ವರ ಬಂತು ಅಂತ ಥರ್ಮಾಮೀಟರ್ ಒಡೆದು ಹಾಕ್ತೀರೇನ್ರೀ?”

ಥರ್ಮೋಸ್ಟ್ಯಾಟ್ ಎಂಬುದು ಒಂದು ಸಣ್ಣ ಬಾಗಿಲು. ಎಂಜಿನ್ನಿನ ನೀರು ಎಂಬತ್ತು ಡಿಗ್ರಿ ಆಸುಪಾಸು ಬಿಸಿಯಾಗುವವರೆಗೆ ಅದು ಮುಚ್ಚಿರುತ್ತದೆ, ಆಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅದಿಲ್ಲದಿದ್ದರೆ ನೀರು ಯಾವಾಗಲೂ ರೇಡಿಯೇಟರು ಸುತ್ತುತ್ತ ಎಂಜಿನ್ನು ಬಿಸಿಯೇರುವುದೇ ಇಲ್ಲ. ತಣ್ಣನೆಯ ಎಂಜಿನ್ನಿನಲ್ಲಿ ಡೀಸೆಲ್ಲು ಪೂರ್ತಿ ಉರಿಯುವುದಿಲ್ಲ, ಆಯಿಲ್ಲು ದಪ್ಪಗೇ ಉಳಿಯುತ್ತದೆ, ಬೋರು ಬೇಗ ಸವೆಯುತ್ತದೆ. ಚಳಿಗಾಲದ ಬೆಳಗ್ಗೆ ನಿಫಾಡದ ಥಂಡಿಯಲ್ಲಿ ನನ್ನ ಗಾಡಿ ಹತ್ತು ವರ್ಷ ನಡುಗುತ್ತ ಓಡಿದೆ, ನಾನು ಅದನ್ನು ಆರೋಗ್ಯ ಅಂದುಕೊಂಡಿದ್ದೆ. ಹಾಗಿದ್ದೂ ಅದು ಘಾಟಿನಲ್ಲಿ ಕಾದದ್ದು ಯಾಕೆ ಅಂದರೆ, ಹೋಸು ಒಡೆದು ನೀರೇ ಇಲ್ಲದ ಮೇಲೆ ಯಾವ ಎಂಜಿನ್ನೂ ಕಾಯುತ್ತದೆ.

ರಾಯರ ಷರತ್ತು ಒಂದೇ. ಒಂದು ಸಲಕ್ಕೆ ಒಂದೇ ಕೆಲಸ. ಮಾಡಿದ ಮೇಲೆ ಟ್ಯಾಂಕು ಫುಲ್ಲು ಮಾಡಿಸಿ, ವಾಳೂಜಕ್ಕೆ ಹೋಗಿಬಂದು, ಅದೇ ಬಂಕಿನಲ್ಲಿ ಮತ್ತೆ ಫುಲ್ಲು ಮಾಡಿಸಿ, ಎಷ್ಟು ಲೀಟರ್ ಹಿಡಿಯಿತು ಎಂದು ಬರೆಯಬೇಕು. ಎಲ್ಲ ಒಮ್ಮೆಗೇ ಮಾಡಿದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ. ಲಾಕ್‌ಡೌನ್ ಸಡಿಲವಾದ ಮೇಲೆ ನನ್ನ ವಹಿಯ ಮೊದಲ ಸಾಲು ಹೀಗಿದೆ: 380 ಕಿ.ಮೀ., 36.5 ಲೀಟರ್. ಅಂದರೆ 10.4. ಅಲ್ಲಿಯವರೆಗೆ ಕೇಳಿದವರಿಗೆಲ್ಲ ನಾನು ಹದಿಮೂರು ಅಂತ ಹೇಳುತ್ತಿದ್ದೆ.

ಮೊದಲು ಥರ್ಮೋಸ್ಟ್ಯಾಟು, ಜೊತೆಗೆ ಎಲ್ಲ ಹೋಸು, ಕ್ಲಾಂಪು, ರೇಡಿಯೇಟರ್ ತೊಳೆಸಿ ನಲ್ಲಿ ನೀರಿನ ಬದಲು ಕೂಲಂಟು. ಮುಳ್ಳು ಮೊದಲ ಸಲ ನಡುವಿಗೆ ಬಂದು ನಿಂತಾಗ ನನಗೆ ಎದೆ ಹೊಡೆದುಕೊಂಡಿತು. ಅದೇ ಅದರ ಜಾಗವಂತೆ. ಎರಡನೆಯದು ನಾಜಲ್ಲುಗಳು. ನಾಲ್ಕನ್ನೂ ಬಿಚ್ಚಿ ಡೀಸೆಲ್ ಲ್ಯಾಬಿಗೆ ಒಯ್ದೆವು. ಅಲ್ಲಿ ಅವುಗಳನ್ನು ಕೈಪಂಪಿಗೆ ಸಿಕ್ಕಿಸಿ ಒತ್ತುತ್ತಾರೆ. ಸುಮಾರು ಇನ್ನೂರು ಬಾರಿನ ಮೇಲೆ, ಅಂದರೆ ಕಾರಿನ ಟೈರಿನ ಗಾಳಿಗಿಂತ ನೂರು ಪಟ್ಟು ಒತ್ತಡಕ್ಕೆ ಅದು ತೆರೆದುಕೊಳ್ಳಬೇಕು. ಆಗ ಬರುವ ಡೀಸೆಲ್ಲು, ಇಸ್ತ್ರಿಯವನು ಬಾಯಲ್ಲಿ ನೀರು ಹಿಡಿದು ಬಟ್ಟೆಗೆ ‘ಫೂ’ ಅಂತ ಉಗ್ಗುತ್ತಾನಲ್ಲ, ಹಾಗೆ ತುಂತುರಾಗಿ ಬರಬೇಕು. ನನ್ನ ಮೂರನೆಯ ನಾಜಲ್ಲು ಮಗುವಿನ ಮೂಗಿನ ಹಾಗೆ ಸುರಿಯುತ್ತಿತ್ತು. ಹನಿ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ. ಔಟ್ರಮ್ ಘಾಟಿನ ಕಪ್ಪು ಹೊಗೆಯ ಅರ್ಧ ಪಾಲು ಅಲ್ಲಿತ್ತು. ಉಳಿದರ್ಧ ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿಯ ಕೊಳವೆಯಲ್ಲಿ. ಅದರ ಕ್ಲಾಂಪು ಸಡಿಲಾಗಿ ಗಾಳಿ ಹೊರಗೆ ಸೋರುತ್ತಿತ್ತು. ಡೀಸೆಲ್ಲು ಅಷ್ಟೇ ಬಿದ್ದು ಗಾಳಿ ಕಡಿಮೆಯಾದರೆ ಹೊಗೆ ಬರದೆ ಇನ್ನೇನು? ಆ ಕ್ಲಾಂಪಿನ ಬೆಲೆ ಎರಡು ಚಹಾ, ಒಂದು ವಡಾಪಾವು.

ಮೂರನೆಯದನ್ನು ರಾಯರು ಕೈಯಿಂದಲೇ ಕಂಡುಹಿಡಿದರು. ಒಂದು ಸುತ್ತು ಹೋಗಿಬಂದ ಮೇಲೆ ನಾಲ್ಕು ಗಾಲಿಗಳ ನಡುವಿನ ಭಾಗವನ್ನು ಹುಷಾರಾಗಿ ಮುಟ್ಟಿ ನೋಡಿ ಅಂದರು. ಹಿಂದಿನ ಎಡಗಾಲಿ ಸುಡುತ್ತಿತ್ತು. ಬ್ರೇಕು ಬಿಗಿಯಾಗಿ ಕಚ್ಚಿಕೊಂಡಿತ್ತು. ಜಾಕಿ ಹಾಕಿ ಎತ್ತಿ ತಿರುಗಿಸಿದರೆ ಗಾಲಿ ಅರ್ಧ ಸುತ್ತೂ ಹೋಗಲಿಲ್ಲ. ಎಷ್ಟೋ ತಿಂಗಳು ನಾನು ಒಂದು ಕಾಲಲ್ಲಿ ಬ್ರೇಕು ಒತ್ತಿಕೊಂಡೇ ವಾಳೂಜಕ್ಕೆ ಹೋದ ಹಾಗೆ. ಟೈರು ಸವೆದಾಗ ನೈಲಾನಿನವು ಬಿಟ್ಟು ರೇಡಿಯಲ್ ಹಾಕಿಸಿದೆ. ಅವು ಹಗುರಾಗಿ ಉರುಳುತ್ತವೆ. ಗಾಳಿಯ ಒತ್ತಡವನ್ನು ಗುರುವಾರ ಬೆಳಗ್ಗೆ ತಣ್ಣಗಿರುವಾಗಲೇ ನೋಡುವುದು ರೂಢಿಯಾಯಿತು.

ಇವೆಲ್ಲ ಎವರೇಜಿನ ಮಾತಾಯಿತು. ಆದರೆ ನನಗೆ ಬೇಕಾಗಿದ್ದು ನಡುರಾತ್ರಿಯ ಘಾಟಿನಲ್ಲಿ ಕೈಬಿಡದ ಗಾಡಿ. ಡೀಸೆಲ್ ಕೊಳವೆಗಳ ತಾಮ್ರದ ವಾಷರುಗಳನ್ನೆಲ್ಲ ಬದಲಿಸಿದೆ, ಅಲ್ಲಿಂದ ಗಾಳಿ ಒಳಸೇರಿದರೆ ಗಾಡಿ ಬೆಳಗ್ಗೆ ಬೇಗ ಚಾಲೂ ಆಗುವುದಿಲ್ಲ. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಲ್ಲುವ ನೀರನ್ನು ಹದಿನೈದು ದಿನಕ್ಕೊಮ್ಮೆ ಬಿಡುತ್ತೇನೆ. ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನು ಉಜ್ಜಿ ಬಿಗಿದಾಗ, ಸ್ಟಾರ್ಟರು ಹಾಳಾಗಿದೆ ಅಂತ ಯಾರೋ ಹೇಳಿದ್ದು ಸುಳ್ಳೆಂದು ಗೊತ್ತಾಯಿತು. ಸೀಟಿನ ಕೆಳಗೆ ಒಂದು ಬೆಲ್ಟು, ಎರಡು ಹೋಸು, ನಾಲ್ಕು ಕ್ಲಾಂಪು, ಒಂದು ಡೀಸೆಲ್ ಫಿಲ್ಟರು, ಐದು ಲೀಟರು ನೀರು ಇಟ್ಟಿದ್ದೇನೆ. ನನ್ನ ಹೆಂಡತಿ ಅದಕ್ಕೆ ‘ಅತ್ತಿಯವ್ರ ಗಂಟು’ ಅನ್ನುತ್ತಾಳೆ. ಅವ್ವ ಎಲ್ಲಿಗೆ ಹೊರಟರೂ ಒಂದು ಗಂಟು ಕಟ್ಟಿಕೊಳ್ಳುತ್ತಿದ್ದಳು, ಅದರಲ್ಲಿ ಏನು ಕೇಳಿದರೂ ಸಿಗುತ್ತಿತ್ತು.

ಮೋಸ ಹೋದದ್ದನ್ನೂ ಹೇಳಿಬಿಡುತ್ತೇನೆ. ಡೀಸೆಲ್ ಕೊಳವೆಗೆ ಕಟ್ಟಿದರೆ ಎವರೇಜ್ ಏರುತ್ತದೆ ಎನ್ನುವ ಆಯಸ್ಕಾಂತ ಒಂದನ್ನು ಸಾವಿರದಿನ್ನೂರು ಕೊಟ್ಟು ತಂದಿದ್ದೆ. ವಹಿಯಲ್ಲಿ ಅದರ ಮುಂದಿನ ನಾಲ್ಕು ವಾರದ ಅಂಕಿಗಳು ಹಿಂದಿನವುಗಳ ಹಾಗೇ ಇವೆ. ಈಗ ಅದು ಶೆಡ್ಡಿನಲ್ಲಿ ನೆಲಕ್ಕೆ ಬಿದ್ದ ಕಬ್ಬಿಣದ ಚೂರು ಹೆಕ್ಕುವ ಕೆಲಸ ಮಾಡುತ್ತಿದೆ. ಪಂಪಿನ ಸ್ಕ್ರೂ ತಿರುಗಿಸಿ ಪವರ್ ಹೆಚ್ಚಿಸಿಕೊಡುತ್ತೇನೆ ಎಂದವನನ್ನು ರಾಯರು ಬಾಗಿಲಿಂದಲೇ ಕಳಿಸಿದರು.

ಎಲ್ಲಕ್ಕಿಂತ ಹೆಚ್ಚು ಲಾಭ ಕೊಟ್ಟದ್ದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಎಂಬತ್ತರಲ್ಲಿ ಓಡಿಸುತ್ತಿದ್ದವನು ಅರವತ್ತಕ್ಕೆ ಇಳಿದೆ. ಪಿಕಪ್ಪಿನ ಮೋರೆ ಗೋಡೆಯಿದ್ದಂತೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಪಟಪಟ ಬಡಿಯುತ್ತಿದ್ದ ತಾಡಪತ್ರಿಯನ್ನು ಬಿಗಿದು ಕಟ್ಟಿದೆ. ವಾಳೂಜಕ್ಕೆ ಮುಟ್ಟುವುದು ಮುಕ್ಕಾಲು ಗಂಟೆ ತಡವಾಯಿತು. ಅದರಿಂದ ಯಾರ ಕಾರ್ಖಾನೆಯೂ ನಿಲ್ಲಲಿಲ್ಲ.

2021ರ ದೀಪಾವಳಿಯ ಹೊತ್ತಿಗೆ ವಹಿಯ ಅಂಕಿ 12.6ಕ್ಕೆ ನಿಂತಿತು. ವಾರಕ್ಕೆ ಆರು ಲೀಟರ್ ಉಳಿಯಿತು. ಲೀಟರಿಗೆ ತೊಂಬತ್ತು ಹಿಡಿದರೂ ವರ್ಷಕ್ಕೆ ಇಪ್ಪತ್ತೇಳು ಸಾವಿರದ ಹತ್ತಿರ. ಟೈರು ಬಿಟ್ಟು ನಾನು ಹಾಕಿದ್ದು ಇಪ್ಪತ್ತಾರು ಸಾವಿರ. ಟೈರು ಹೇಗಿದ್ದರೂ ಹಾಕಿಸಲೇಬೇಕಿತ್ತು. “ಹೊಸಾದು ತಗೊಂಡ್‌ಬಿಡು ಪಪ್ಪಾ” ಎಂದು ಮಗ ಅನ್ನುತ್ತಾನೆ. ಹೊಸ ಪಿಕಪ್ಪಿನ ಒಂದು ತಿಂಗಳ ಕಂತಿನಲ್ಲಿ ನನ್ನ ಇಬ್ಬರು ಹುಡುಗರಲ್ಲಿ ಒಬ್ಬನ ಸಂಬಳ ಹೋಗುತ್ತದೆ. ಹದಿನೈದು ವರ್ಷ ದಾಟಿದ ಗಾಡಿಯ ಫಿಟ್‌ನೆಸ್ ಶುಲ್ಕ 2022ರ ಏಪ್ರಿಲ್‌ನಿಂದ ಬಹಳ ಏರಿದೆ, ಅದೂ ನಿಜ. ಪ್ರತಿ ವರ್ಷ ಪರೀಕ್ಷೆಗೆ ಒಯ್ಯುವಾಗ ಮಗಳನ್ನು ತೋರಿಸಲು ಕರೆದೊಯ್ದಷ್ಟು ಭಯ. ಒಂದು ವರ್ಷ ಅದು ಸೋಲುತ್ತದೆ, ಅವತ್ತು ಕೊಟ್ಟುಬಿಡುತ್ತೇನೆ. ಇಲ್ಲಿಯವರೆಗೆ ಪಾಸಾಗಿದೆ.

2023ರ ಫೆಬ್ರವರಿಯಲ್ಲಿ, ದ್ರಾಕ್ಷಿ ಕಾಲ, ಮತ್ತೆ ಸಂಜೆಯ ಫೋನು. ಅಪ್ಪನಿಗೆ ಉಸಿರಾಟದ ತೊಂದರೆ. ಒಂಬತ್ತಕ್ಕೆ ಹೊರಟೆ, ಒಬ್ಬನೇ. ಖಂಬಾಟಕಿ ಏರುವಾಗ ಕಿಟಕಿಯ ಗಾಜು ಇಳಿಸಿ, ರೇಡಿಯೋ ಬಂದ್ ಮಾಡಿ, ಎಂಜಿನ್ನಿನ ಸದ್ದು ಕೇಳುತ್ತ, ಮುಳ್ಳು ನೋಡುತ್ತ ಏರಿದೆ. ನಾವು ಮೂವರೂ ಕೂತಿದ್ದ ಕಟ್ಟೆ ಬೆಳಕಿನಲ್ಲಿ ಒಂದು ಕ್ಷಣ ಕಂಡು ಹಿಂದಾಯಿತು. ಮುಳ್ಳು ನಡುವಿನಿಂದ ಕದಲಲಿಲ್ಲ. ಮರುದಿನ ಹನ್ನೊಂದೂವರೆಗೆ ಊರಲ್ಲಿದ್ದೆ. ಹನ್ನೆರಡಕ್ಕೆ ಅಪ್ಪನನ್ನು ಅದೇ ಕ್ಯಾಬಿನ್ನಿನಲ್ಲಿ ಕೂಡಿಸಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟೆವು. ಎದೆಯಲ್ಲಿ ನೀರು ತುಂಬಿತ್ತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಆರನೆಯ ದಿನ ಮನೆಗೆ ಕರೆದುಕೊಂಡು ಬರುವಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಮೆಣಸಿನಕಾಯಿ ಒಣಹಾಕಿದ ಕಣಗಳನ್ನು ನೋಡುತ್ತ ಕೂತಿದ್ದ. ಆಮೇಲೆ ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿ ಕೇಳಿದ:

“ಎವರೇಜ್ ಎಷ್ಟ ಕೊಡತೈತಿ?”

“ಹನ್ನೆರಡೂವರಿ ಮ್ಯಾಲ ಐತಿ ಅಪ್ಪಾ.”

“ಅಡ್ಡಿಯಿಲ್ಲ” ಅಂದ. ಇನ್ನೊಂದು ಊರು ದಾಟಿದ ಮೇಲೆ, ನನ್ನ ಕಡೆ ನೋಡದೆ, “ಈ ಸಲ ಹೊತ್ತಿಗೆ ಬಂದಿ” ಅಂದ.

ನಾಸಿಕಕ್ಕೆ ವಾಪಸು ಬರುವಾಗ ಹಿಂದೆ ಅರ್ಧ ಚೀಲ ಬ್ಯಾಡಗಿ ಮೆಣಸಿನಕಾಯಿ ಇತ್ತು. ಅದರಲ್ಲಿ ಎರಡು ಕಿಲೋ ರಾಯರಿಗೆ. ಗುರುವಾರ ಬೆಳಗ್ಗೆ ಟೈರಿನ ಗಾಳಿ ನೋಡಿ, ಹೋಸುಗಳನ್ನು ಒಂದೊಂದಾಗಿ ಹಿಚುಕಿ ನೋಡಿ, ಮಾಲು ತುಂಬಿಕೊಂಡು ವಾಳೂಜಕ್ಕೆ ಹೊರಟೆ.